ಅಕ್ಕನ ಹಳೆಯ ಜಿಪಿಎಸ್: ಜಾಗ ಬಿಡಿಸಿದ್ದು, ಹೊಸ ನಕ್ಷೆ ಕಟ್ಟಿದ್ದು

ಅಕ್ಕನ ಕೆಲಸ ನೀರಿನ ಸೆಲೆಗಳನ್ನು ಹುಡುಕಿ ಗುರುತು ಹಾಕಿಡುವುದು. ಅವಳು ಓಡಾಡುವ ಕಡೆ ಫೋನಿಗೆ ಸಿಗ್ನಲ್ ಸಿಗುವುದು ಅಪರೂಪ. ಹಾಗಾಗಿ ಅವಳ ಗಾಡಿಯ ಮುಂದಿನ ಗಾಜಿಗೆ ದಾರಿ ತೋರಿಸುವ ಒಂದು ಜಿಪಿಎಸ್ ಸಾಧನ, ಗಾರ್ಮಿನ್ ನೂವಿ, ವರ್ಷಾನುಗಟ್ಟಲೆಯಿಂದ ಅಂಟಿಕೊಂಡಿದೆ. ಸ್ಪರ್ಶ ಪರದೆ, ಬದಿಯಲ್ಲಿ ಮೈಕ್ರೊ ಎಸ್‌ಡಿ ಕಾರ್ಡಿನ ಕಿಂಡಿ, ಹಿಂದೆ ಮಿನಿ ಯುಎಸ್‌ಬಿ ತೂತು. ಒಳಗಿನ ಮೆಮೊರಿ 2 ಜಿಬಿ. ಕಳೆದ ತಿಂಗಳು ಅವಳು ಅದನ್ನು ಮೇಜಿನ ಮೇಲಿಟ್ಟು ಹೇಳಿದ್ದು ಎರಡೇ ಮಾತು: "ಮೆಮೊರಿ ತುಂಬಿದೆ ಅಂತ ಬರ್ತಿದೆ, ಹೊಸ ರಸ್ತೆನೂ ತೋರಿಸ್ತಿಲ್ಲ. ಏನಾದ್ರೂ ಮಾಡು, ಆದ್ರೆ ನನ್ನ ಪಾಯಿಂಟ್‌ಗಳನ್ನ ಮಾತ್ರ ಕಳೀಬೇಡ ಕಣೋ."

ಆ ಪಾಯಿಂಟ್‌ಗಳು 412. ಒಂದೊಂದೂ ಅವಳು ಕಾಲ್ನಡಿಗೆಯಲ್ಲಿ ಹೋಗಿ ನಿಂತ ಜಾಗ. ಈ ಕೆಲಸದಲ್ಲಿ ನಾನು ಹೆದರಿದ್ದು ಅವುಗಳ ಬಗ್ಗೆ ಮಾತ್ರ.

ಮೊದಲ ಸಂಜೆ: ಕೇಬಲ್, ನಕಲು, ಲೆಕ್ಕ

ಕಂಪ್ಯೂಟರಿಗೆ ಸಿಕ್ಕಿಸಿದೆ. ಪರದೆಯ ಮೇಲೆ ಎಂದಿನಂತೆ ನಕ್ಷೆ ಬಂತು, ಬ್ಯಾಟರಿ ಚಾರ್ಜ್ ಆಗತೊಡಗಿತು, ಕಂಪ್ಯೂಟರಿನಲ್ಲಿ ಮಾತ್ರ ಏನೂ ಕಾಣಲಿಲ್ಲ. ಸಾಧನ ಕೆಟ್ಟಿದೆ ಎಂದುಕೊಳ್ಳುವ ಮುನ್ನ ಕೇಬಲ್ ಬದಲಿಸಿ ನೋಡಬೇಕು. ಗಾಡಿಯಲ್ಲಿ ಚಾರ್ಜ್ ಮಾಡಲು ಕೊಡುವ ಕೇಬಲ್ಲೂ ಡೇಟಾ ಕೇಬಲ್ಲೂ ನೋಡಲು ಒಂದೇ ಥರ ಇರುತ್ತವೆ, ಆದರೆ ಮೊದಲನೆಯದು ಸಾಧನಕ್ಕೆ "ನೀನು ಗಾಡಿಯಲ್ಲಿದ್ದೀಯ, ದಾರಿ ತೋರಿಸುತ್ತಿರು" ಎನ್ನುತ್ತದೆ. ಹಳೆಯ ಕ್ಯಾಮೆರಾದ ಮಿನಿ ಯುಎಸ್‌ಬಿ ಕೇಬಲ್ ಹಾಕಿದ ಕೂಡಲೇ ಪರದೆಯಲ್ಲಿ ಕಂಪ್ಯೂಟರ್ ಜೋಡಣೆಯ ಚಿತ್ರ ಬಂತು, ಸಾಧನ ಒಂದು ಪೆನ್‌ಡ್ರೈವ್‌ನಂತೆ ತೆರೆದುಕೊಂಡಿತು.

ಅಡಗಿದ ಫೈಲುಗಳನ್ನು ತೋರಿಸುವ ಆಯ್ಕೆಯನ್ನು ಮೊದಲೇ ಹಾಕಿಕೊಂಡೆ. ನಂತರ ಒಂದು ಅಕ್ಷರವನ್ನೂ ಮುಟ್ಟದೆ ಇಡೀ ಡ್ರೈವನ್ನು ಕಂಪ್ಯೂಟರಿನ ಒಂದು ಫೋಲ್ಡರಿಗೆ ನಕಲಿಸಿದೆ. ಫೈಲುಗಳ ಸಂಖ್ಯೆ, ಒಟ್ಟು ಬೈಟುಗಳು ಎರಡೂ ಕಡೆ ತಾಳೆಯಾದವು. ದೊಡ್ಡ ನಕ್ಷೆಯ ಫೈಲಿಗೆ ಚೆಕ್‌ಸಮ್ (ಫೈಲಿನ ಒಳಗಿರುವುದೆಲ್ಲದರಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಕೂಡ ತೆಗೆದು ಹೋಲಿಸಿದೆ. ಆ ನಕಲನ್ನು ಇನ್ನೊಂದು ಹಾರ್ಡ್‌ಡಿಸ್ಕಿಗೂ ಹಾಕಿದೆ. ಇಷ್ಟಕ್ಕೆ ಅರ್ಧ ಗಂಟೆ ಹೋಯಿತು. ಮುಂದಿನ ಎಲ್ಲ ಪ್ರಯೋಗಗಳನ್ನೂ ಧೈರ್ಯವಾಗಿ ಮಾಡಲು ಸಾಧ್ಯವಾಗಿದ್ದು ಈ ಅರ್ಧ ಗಂಟೆಯಿಂದ.

ಆಮೇಲೆ ಜಾಗ ಎಲ್ಲಿ ಹೋಗಿದೆ ಎಂಬ ಲೆಕ್ಕ. 2 ಜಿಬಿ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೂ ಕಂಪ್ಯೂಟರ್ ತೋರಿಸಿದ್ದು 1,907 ಎಂಬಿ. ತಯಾರಕರು ಸಾವಿರದಿಂದ ಎಣಿಸುತ್ತಾರೆ, ಕಂಪ್ಯೂಟರ್ 1,024ರಿಂದ ಎಣಿಸುತ್ತದೆ, ಅಷ್ಟೇ. ಅದರಲ್ಲಿ ಕಾರ್ಖಾನೆಯಿಂದಲೇ ಬಂದ ನಕ್ಷೆ 1,420. ದಾರಿ ಹೇಳುವ ಧ್ವನಿಗಳು 236. ಕವಲುದಾರಿಯ ಚಿತ್ರಗಳು 96. ಪರದೆಯ ಭಾಷೆಗಳು ಮತ್ತು ಸಹಾಯದ ಪುಟಗಳು 58. ಸಾಧನ ನಡೆಯಲು ಬೇಕಾದ ಚಿಲ್ಲರೆ ಫೈಲುಗಳು 15. ಖಾಲಿ ಇದ್ದದ್ದು 11. ಕೂಡಿಸಿದರೆ ಇನ್ನೂ 71 ಎಂಬಿ ಲೆಕ್ಕಕ್ಕೆ ಸಿಗುತ್ತಿರಲಿಲ್ಲ.

ಆ 71 ಸಿಕ್ಕಿದ್ದು ಚುಕ್ಕೆಯಿಂದ ಶುರುವಾಗುವ ಹೆಸರಿನ ಒಂದು ಅಡಗಿದ ಕಸದ ಫೋಲ್ಡರಿನಲ್ಲಿ. ಅಕ್ಕ ಹಿಂದೊಮ್ಮೆ ಮ್ಯಾಕ್ ಕಂಪ್ಯೂಟರಿಗೆ ಸಿಕ್ಕಿಸಿ ಕೆಲವು ಹಾಡು, ಚಿತ್ರಗಳನ್ನು ಅಳಿಸಿದ್ದಳು. ಮ್ಯಾಕ್‌ನಲ್ಲಿ ಇಂಥ ಡ್ರೈವಿನಿಂದ ಅಳಿಸಿದ ಫೈಲು ಎಲ್ಲೂ ಹೋಗುವುದಿಲ್ಲ. ಡ್ರೈವಿನ ಮೇಲೇ ಇರುವ ಟ್ರ್ಯಾಶಸ್ ಫೋಲ್ಡರಿಗೆ ಸರಿಯುತ್ತದೆ, ಸಾಧನ ಜೋಡಿಸಿರುವಾಗಲೇ ಕಸದ ಬುಟ್ಟಿ ಖಾಲಿ ಮಾಡಿದರೆ ಮಾತ್ರ ನಿಜಕ್ಕೂ ಹೋಗುತ್ತದೆ. ಲಿನಕ್ಸ್‌ನ ಹಲವು ಡೆಸ್ಕ್‌ಟಾಪ್‌ಗಳೂ ಹೀಗೇ ಮಾಡುತ್ತವೆ. ಅಳಿಸಿದಷ್ಟೂ ಜಾಗ ಹೆಚ್ಚುತ್ತಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಮೊದಲು ನೋಡುವ ಜಾಗ ಇದೇ.

ಈ ಲೆಕ್ಕ ಬರೆದುಕೊಂಡು ಕೂತಾಗ ಒಂದು ವಿಷಯ ಸ್ಪಷ್ಟವಾಯಿತು. ಅಕ್ಕ ಹೇಳಿದ ಎರಡು ಮಾತುಗಳು ಎರಡು ಬೇರೆ ಬೇರೆ ತೊಂದರೆಗಳು. ಒಳಗಿನ ಮೆಮೊರಿ ಆ ಸಾಧನ ಬರೆಯುವ ಮೇಜು. ಹೋದ ದಾರಿಯ ಜಾಡು, ಉಳಿಸಿದ ಪಾಯಿಂಟ್, ಸೆಟ್ಟಿಂಗ್ ಎಲ್ಲ ಅಲ್ಲೇ ಬರೆಯಬೇಕು. ಮೇಜಿನ ಮೇಲೆ 11 ಎಂಬಿ ಉಳಿದಾಗ ಅದು ದೂರುವುದು ಸಹಜ. ಹೊಸ ರಸ್ತೆ ಕಾಣದಿರುವುದು ನಕ್ಷೆ ಹಳೆಯದಾದ್ದರಿಂದ. ನಕ್ಷೆಯನ್ನು ಮೇಜಿನ ಮೇಲೇ ಇಡಬೇಕೆಂದಿಲ್ಲ, ಕಾರ್ಡಿನಲ್ಲಿ ಇಡಬಹುದು. ಹಾಗಾಗಿ ಮೇಜನ್ನು ಖಾಲಿ ಮಾಡುವುದು ಒಂದು ಕೆಲಸ, ಕಾರ್ಡಿಗೆ ನಕ್ಷೆ ಕಟ್ಟುವುದು ಇನ್ನೊಂದು ಕೆಲಸ. ಎರಡನ್ನೂ ಬೆರೆಸಿಕೊಂಡವರು ಹಳೆಯ ನಕ್ಷೆಯನ್ನೇ ಅಳಿಸಿ ಹೊಸದನ್ನು ಅದೇ ಜಾಗಕ್ಕೆ ತುರುಕಲು ಹೋಗುತ್ತಾರೆ. ಹೊಸದು ಸಾಮಾನ್ಯವಾಗಿ ಹಳೆಯದಕ್ಕಿಂತ ದೊಡ್ಡದೇ ಇರುತ್ತದೆ, ಹಿಡಿಸುವುದಿಲ್ಲ.

ಏನನ್ನು ತೆಗೆದೆ, ಏನನ್ನು ಮುಟ್ಟಲಿಲ್ಲ

ಧ್ವನಿಯ ಫೋಲ್ಡರಿನಲ್ಲಿ ಹತ್ತಾರು ಭಾಷೆಗಳಿದ್ದವು. ಬರೀ "ಎಡಕ್ಕೆ ತಿರುಗಿ" ಎನ್ನುವ ಧ್ವನಿಯ ಫೈಲು ಚಿಕ್ಕದು. ರಸ್ತೆಯ ಹೆಸರನ್ನೂ ಓದಿ ಹೇಳುವ ಧ್ವನಿಯ ಫೈಲು ಅದರ ಹಲವು ಪಟ್ಟು ದೊಡ್ಡದು. ಅಕ್ಕ ಬಳಸುವ ಒಂದು, ಅದು ಕೆಟ್ಟರೆ ಇರಲಿ ಎಂದು ಇನ್ನೊಂದು, ಎರಡೂ ಸೇರಿ 41 ಎಂಬಿ ಉಳಿಸಿ ಮಿಕ್ಕ 195 ತೆಗೆದೆ. ಭಾಷೆ ಮತ್ತು ಸಹಾಯದ ಫೋಲ್ಡರುಗಳಿಂದ 46. ಕಸದ 71. ಒಟ್ಟು 312, ಮೊದಲಿದ್ದ 11 ಸೇರಿ 323 ಎಂಬಿ ಖಾಲಿಯಾಯಿತು. ಈಗ ಬಳಕೆಯಲ್ಲಿರುವ ಧ್ವನಿಯನ್ನೇ ಅಳಿಸಬಾರದು, ಮೊದಲು ಸಾಧನದ ಸೆಟ್ಟಿಂಗ್‌ನಲ್ಲಿ ಯಾವುದು ಆಯ್ಕೆಯಾಗಿದೆ ಎಂದು ನೋಡಿಕೊಂಡೇ ಕೈ ಹಾಕಿದೆ.

ಮುಟ್ಟದೆ ಬಿಟ್ಟವುಗಳ ಬಗ್ಗೆ ಹೆಚ್ಚು ಹೇಳಬೇಕು. ಗಾರ್ಮಿನ್‌ಡಿವೈಸ್ ಎಂಬ ಎಕ್ಸ್‌ಎಂಎಲ್ ಫೈಲು ಸಾಧನದ ಗುರುತಿನ ಚೀಟಿ, ಕಂಪ್ಯೂಟರಿನ ತಂತ್ರಾಂಶ ಅದನ್ನು ಓದಿಯೇ ಇದು ಯಾವ ಮಾದರಿ ಎಂದು ತಿಳಿಯುತ್ತದೆ. ಜಿಮ್ಯಾಪ್‌ಬಿಮ್ಯಾಪ್ ಎಂಬುದು ಇಡೀ ಜಗತ್ತಿನ ಒರಟು ತಳನಕ್ಷೆ. ಬೇರೆ ಎಲ್ಲ ನಕ್ಷೆ ಹೋದರೂ ಪರದೆಯ ಮೇಲೆ ಏನಾದರೂ ಉಳಿಯುವುದು ಅದರಿಂದ. ಜಿಮ್ಯಾಪ್‌ಟಿಝಡ್‌ನಲ್ಲಿ ಕಾಲವಲಯಗಳ ಗಡಿಗಳಿವೆ. ಜಿಮ್ಯಾಪ್‌ಪ್ರಾಮ್ ಕಾರ್ಖಾನೆಯ ನಕ್ಷೆ. ಅದರ ಜೊತೆಗಿರುವ ಯುಎನ್‌ಎಲ್ ಫೈಲಿನಲ್ಲಿ ಆ ನಕ್ಷೆಯನ್ನು ಇದೇ ಸಾಧನಕ್ಕೆ ಕಟ್ಟಿಹಾಕಿದ ಬೀಗದ ಕೈ ಇರುತ್ತದೆ. ಕೆಲವೇ ಬೈಟುಗಳ ಈ ಫೈಲನ್ನು ಕಸವೆಂದು ಅಳಿಸಿದರೆ 1,420 ಎಂಬಿಯ ನಕ್ಷೆ ಇದ್ದೂ ಇಲ್ಲದಂತೆ. ಫೈಲಿನ ಗಾತ್ರ ನೋಡಿ ಅದರ ಮಹತ್ವ ಅಳೆಯಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕಾರ್ಖಾನೆಯ ನಕ್ಷೆಯನ್ನು ತೆಗೆಯಲಿಲ್ಲ. ಅದರಲ್ಲಿ ಮನೆ ಸಂಖ್ಯೆಯವರೆಗೆ ವಿಳಾಸ ಹುಡುಕಲು ಬರುತ್ತದೆ, ಕವಲುದಾರಿಯ ಚಿತ್ರಗಳೂ ಅದಕ್ಕೇ ಸೇರಿದವು. ಮೇಜಿನ ಮೇಲೆ 323 ಎಂಬಿ ಸಾಕಾದಷ್ಟು.

ಪಾಯಿಂಟ್‌ಗಳಿರುವುದು ಜಿಪಿಎಕ್ಸ್ ಫೋಲ್ಡರಿನ ಕರೆಂಟ್ ಎಂಬ ಫೈಲಿನಲ್ಲಿ. ಅದು ಬರೀ ಎಕ್ಸ್‌ಎಂಎಲ್, ಯಾವ ಪಠ್ಯ ಸಂಪಾದಕದಲ್ಲೂ ತೆರೆಯಬಹುದು. ತೆರೆದು ಹುಡುಕಿದೆ, ಡಬ್ಲ್ಯುಪಿಟಿ ಎಂಬ ಗುರುತು 412 ಸಲ ಬಂತು. ಆ ಸಂಖ್ಯೆಯನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿಕೊಂಡೆ. ಅದೇ ಫೈಲಿನಲ್ಲಿ ಓಡಾಡಿದ ಜಾಡೂ ಸೇರಿಕೊಳ್ಳುತ್ತದೆ. ಹಳೆಯ ಜಾಡನ್ನು ಸಾಧನದ ಮೆನುವಿನಿಂದಲೇ ಅಳಿಸಿದೆ, ಫೈಲಿಗೆ ಕತ್ತರಿ ಹಾಕಲಿಲ್ಲ. ಒಂದು ಗುರುತು ಮುರಿದರೂ ಇಡೀ ಫೈಲು ಓದಲು ಬಾರದ ಹಾಗಾಗುತ್ತದೆ.

ಕಾರ್ಡು

ಮನೆಯಲ್ಲಿದ್ದ 64 ಜಿಬಿ ಕಾರ್ಡ್ ಹಾಕಿದೆ, ಸಾಧನಕ್ಕೆ ಅದು ಕಾಣಲೇ ಇಲ್ಲ. ಕಾರಣ ನೇರ. 2 ಜಿಬಿವರೆಗಿನದು ಹಳೆಯ ಎಸ್‌ಡಿ, ಅಲ್ಲಿಂದ 32 ಜಿಬಿವರೆಗೆ ಎಸ್‌ಡಿಎಚ್‌ಸಿ, ಅದರಾಚೆ ಎಸ್‌ಡಿಎಕ್ಸ್‌ಸಿ. ಮೂರನೆಯದು ಫೈಲುಗಳನ್ನು ಜೋಡಿಸಿಡುವ ಎಕ್ಸ್‌ಫ್ಯಾಟ್ ಎಂಬ ವ್ಯವಸ್ಥೆಯಲ್ಲಿ ಬರುತ್ತದೆ, ಈ ಹಳೆಯ ಸಾಧನಕ್ಕೆ ಗೊತ್ತಿರುವುದು ಫ್ಯಾಟ್32. ದೊಡ್ಡ ಕಾರ್ಡನ್ನು ಹಟ ಹಿಡಿದು ಫ್ಯಾಟ್32 ಮಾಡಬಹುದು, ಆದರೆ ಅದರಿಂದ ಲಾಭವಿಲ್ಲ. ಫ್ಯಾಟ್32ನಲ್ಲಿ ಒಂದು ಫೈಲು 4 ಜಿಬಿ ಮುಟ್ಟುವಂತಿಲ್ಲ, ನಮ್ಮ ನಕ್ಷೆ ಒಂದೇ ಫೈಲು. 8 ಜಿಬಿಯ ಕಾರ್ಡ್ ತಂದು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿದೆ. ಜಿಪಿಎಸ್‌ಮ್ಯಾಪ್ 60ಸಿಎಸ್‌ಎಕ್ಸ್‌ನಂಥ ಕೈಯಲ್ಲಿ ಹಿಡಿಯುವ ಸಾಧನವಿದ್ದವರಿಗೆ ಇನ್ನೊಂದು ಮಿತಿ ಇದೆ: ನಕ್ಷೆಯೊಳಗಿನ ತುಣುಕುಗಳು 2,025 ದಾಟಬಾರದು. ಕಾರ್ಡಿನಲ್ಲಿ ಜಾಗವಿದ್ದೂ ನಕ್ಷೆಯ ಒಂದು ಭಾಗ ಕಾಣದಿದ್ದರೆ ತುಣುಕುಗಳನ್ನು ಎಣಿಸಬೇಕು.

ಎರಡು, ಮೂರನೆಯ ಸಂಜೆ: ನಕ್ಷೆ ಕಟ್ಟಿದ್ದು

ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಶುರುವಾದ ಯೋಜನೆ, ಯಾರು ಬೇಕಾದರೂ ತಿದ್ದಬಹುದಾದ, ಮೂಲವನ್ನು ಹೆಸರಿಸಿ ಬಳಸಬಹುದಾದ ನಕ್ಷೆ. ಅದರ ದತ್ತಾಂಶವನ್ನು ಜಿಯೋಫ್ಯಾಬ್ರಿಕ್ ಎಂಬ ಸಂಸ್ಥೆ ಪ್ರದೇಶವಾರು ಕತ್ತರಿಸಿ ದಿನವೂ ಹೊಸದಾಗಿ ಇಡುತ್ತದೆ. ಸಿದ್ಧ ಗಾರ್ಮಿನ್ ನಕ್ಷೆಗಳೂ ಇಳಿಸಿಕೊಳ್ಳಲು ಸಿಗುತ್ತವೆ, ಆತುರವಿದ್ದವರಿಗೆ ಅದೇ ಸಾಕು. ನಾನು ಸ್ವತಃ ಕಟ್ಟಲು ಹೊರಟದ್ದು ಜಾಗದ ಮೇಲೆ ಹಿಡಿತ ಬೇಕೆಂದು. ಯಾವುದು ನಕ್ಷೆಯೊಳಗೆ ಬರಬೇಕು, ಯಾವುದು ಬೇಡ ಎಂದು ತೀರ್ಮಾನಿಸುವುದು ಅಲ್ಲಿ ಮಾತ್ರ ಸಾಧ್ಯ.

ಬೇಕಾದ ತಂತ್ರಾಂಶ ಎರಡು, ಎರಡೂ ಜಾವಾದಲ್ಲಿ ಓಡುತ್ತವೆ. ಸ್ಪ್ಲಿಟರ್ ಆ ದೊಡ್ಡ ದತ್ತಾಂಶವನ್ನು ತುಣುಕು ಮಾಡುತ್ತದೆ, ನಾವು ಬೇರೆ ಹೇಳದಿದ್ದರೆ ಒಂದು ತುಣುಕಿಗೆ ಹೆಚ್ಚೆಂದರೆ 16 ಲಕ್ಷ ಬಿಂದುಗಳು. ಎಂಕೆಜಿಮ್ಯಾಪ್ ಆ ತುಣುಕುಗಳನ್ನು ಗಾರ್ಮಿನ್ ರೂಪಕ್ಕೆ ತಂದು, ಹೊಲಿದು, ಒಂದು ಫೈಲು ಮಾಡುತ್ತದೆ.

ಆ ರೂಪದ ಒಳಗಿನ ಮಿತವ್ಯಯ ನೋಡಿ ನನಗೆ ನಿಜಕ್ಕೂ ಗೌರವ ಹುಟ್ಟಿತು. ಒಂದು ಬಿಂದುವಿನ ಅಕ್ಷಾಂಶವನ್ನಾಗಲಿ ರೇಖಾಂಶವನ್ನಾಗಲಿ ಹೆಚ್ಚೆಂದರೆ 24 ಬಿಟ್‌ಗಳಲ್ಲಿ ಬರೆಯುತ್ತಾರೆ. 360 ಡಿಗ್ರಿಯನ್ನು ಎರಡರ 24ನೇ ಘಾತದಿಂದ ಭಾಗಿಸಿದರೆ ಭೂಮಧ್ಯರೇಖೆಯ ಮೇಲೆ ಒಂದು ಹೆಜ್ಜೆ ಸುಮಾರು 2.4 ಮೀಟರ್. ರಸ್ತೆ ತೋರಿಸಲು ಅಷ್ಟು ಸಾಕು. ದೂರದಿಂದ ನೋಡುವ ಪದರಗಳಿಗೆ ಇನ್ನೂ ಕಡಿಮೆ ಬಿಟ್. ಒಳಗೆ ಆಕಾರಗಳಿಗೆ ಒಂದು ಭಾಗ, ಹೆಸರುಗಳಿಗೆ ಒಂದು ಭಾಗ, ರಸ್ತೆಯ ವಿವರಕ್ಕೆ ಒಂದು, ದಾರಿ ಲೆಕ್ಕ ಹಾಕಲು ಬೇಕಾದ ಕೂಡುದಾರಿಗಳಿಗೆ ಇನ್ನೊಂದು. ಕೊನೆಯ ಎರಡನ್ನು ಬಿಟ್ಟು ಕಟ್ಟಿದರೆ ಫೈಲು ಚಿಕ್ಕದಾಗುತ್ತದೆ, ನೋಡಲು ನಕ್ಷೆ ಹಾಗೇ ಇರುತ್ತದೆ, ಆದರೆ ಸಾಧನ ದಾರಿ ಹೇಳುವುದಿಲ್ಲ. ಅದಕ್ಕೇ ಎಂಕೆಜಿಮ್ಯಾಪ್‌ಗೆ ಕೊಡುವ ಆದೇಶದಲ್ಲಿ ರೂಟ್ ಎಂಬ ಆಯ್ಕೆಯನ್ನು ಮರೆಯಬಾರದು. ಹೆಸರಿನಿಂದ ಹುಡುಕಲು ಇಂಡೆಕ್ಸ್ ಎಂಬುದೂ ಬೇಕು.

ಮೊದಲ ನಕ್ಷೆ 1,180 ಎಂಬಿ ಬಂತು. ಕಾರ್ಡಿನಲ್ಲಿ ಅದಕ್ಕೆ ಧಾರಾಳ ಜಾಗವಿತ್ತು, ಆದರೆ ಸಾಧನಕ್ಕೆ ತ್ರಾಣ ಸಾಲಲಿಲ್ಲ. ಪೇಟೆಯ ನಡುವೆ ಪರದೆ ಸರಿಸಿದರೆ ಬೂದು ಚೌಕಗಳು ನಿಧಾನಕ್ಕೆ ಒಂದೊಂದಾಗಿ ತುಂಬಿಕೊಳ್ಳುತ್ತಿದ್ದವು. ಗಾಡಿ ಓಡಿಸುವವರಿಗೆ ಅದು ಅಪಾಯ. ಕಾರಣ ಕಟ್ಟಡಗಳು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಮನೆಮನೆಯ ಬಾಹ್ಯರೇಖೆ ಬಿಡಿಸಿಟ್ಟಿರುತ್ತಾರೆ, ಅಂಗೈಯಗಲದ ಪರದೆಗೆ ಅವು ಬೇಕಿಲ್ಲ. ಎಂಕೆಜಿಮ್ಯಾಪ್‌ನ ಶೈಲಿಯ ಫೋಲ್ಡರನ್ನು (ಯಾವುದನ್ನು ಹೇಗೆ ತೋರಿಸಬೇಕು ಎಂಬ ನಿಯಮಗಳಿರುವುದು ಅಲ್ಲಿ) ನಕಲಿಸಿ, ಪಾಲಿಗನ್ಸ್ ಎಂಬ ಫೈಲಿನಲ್ಲಿ ಬಿಲ್ಡಿಂಗ್ ಎಂದು ಶುರುವಾಗುವ ಸಾಲುಗಳನ್ನು ತಂತ್ರಾಂಶ ಓದದೆ ಬಿಡಲಿ ಎಂದು ಅವುಗಳ ಮುಂದೆ ಹ್ಯಾಶ್ ಗುರುತು ಹಾಕಿ ಮತ್ತೆ ಕಟ್ಟಿದೆ: 610 ಎಂಬಿ. ಅರ್ಧಕ್ಕರ್ಧ ಕಟ್ಟಡಗಳೇ ಆಗಿದ್ದವು. ಎತ್ತರದ ಸಮೋನ್ನತಿ ರೇಖೆಗಳನ್ನು ಸೇರಿಸುವ ಆಸೆ ಇತ್ತು, ಬಿಟ್ಟೆ. ಬೆಟ್ಟ ಹತ್ತುವವರಿಗೆ ಅವು ಬೇಕು, ಗಾಡಿಯಲ್ಲಿ ಹೋಗುವವರಿಗೆ ಬರೀ ಭಾರ. ತೊರೆ, ಕೆರೆ, ಬುಗ್ಗೆಗಳನ್ನು ಮಾತ್ರ ಎಲ್ಲ ಹತ್ತಿರದ ಪದರಗಳಲ್ಲೂ ಉಳಿಸಿದೆ. ಅಕ್ಕನಿಗೆ ಅವೇ ಮುಖ್ಯ.

ನಂತರ ಗಡಿ. ಅವಳು ಓಡಾಡದ ಪ್ರದೇಶವನ್ನು ಹೊರುವುದೇಕೆ? ಪಾಲಿ ಫೈಲು ಎಂಬ ಸಾದಾ ಪಠ್ಯದಲ್ಲಿ ರೇಖಾಂಶ, ಅಕ್ಷಾಂಶಗಳ ಜೋಡಿಗಳನ್ನು ಸಾಲಾಗಿ ಬರೆದು ಸ್ಪ್ಲಿಟರ್‌ಗೆ ಕೊಟ್ಟೆ. ರೇಖಾಂಶ ಮೊದಲು, ಇದನ್ನು ತಿರುವುಮುರುವು ಮಾಡಿದರೆ ಗಡಿ ಬೇರೆಲ್ಲೋ ಹೋಗಿ ಬೀಳುತ್ತದೆ. ಈ ಗಡಿ ಜಿಯೋಫ್ಯಾಬ್ರಿಕ್‌ನ ಎರಡು ದತ್ತಾಂಶ ಫೈಲುಗಳ ಪ್ರದೇಶಗಳಿಗೆ ಹರಡಿತ್ತು, ಹಾಗಾಗಿ ಎರಡನ್ನೂ ಬೇರೆ ಬೇರೆ ತುಣುಕು ಮಾಡಿದೆ.

ಇಲ್ಲಿ ಒಂದು ಸಂಜೆ ಪೂರ್ತಿ ಹೋಯಿತು. ನಕ್ಷೆ ಕಟ್ಟಿ ಸಾಧನಕ್ಕೆ ಹಾಕಿದರೆ ಒಂದು ಪ್ರದೇಶ ಸರಿಯಾಗಿದೆ, ಇನ್ನೊಂದರ ಬಹುಭಾಗ ಖಾಲಿ, ಅಲ್ಲೊಂದು ಇಲ್ಲೊಂದು ಚೌಕ ಮಾತ್ರ ಉಳಿದಿದೆ. ಕಾರ್ಡ್ ಕೆಟ್ಟಿದೆ ಎಂದು ಮತ್ತೆ ಫಾರ್ಮ್ಯಾಟ್ ಮಾಡಿದೆ. ಬದಲಾಗಲಿಲ್ಲ. ದತ್ತಾಂಶ ಅರ್ಧಕ್ಕೆ ನಿಂತಿರಬಹುದು ಎಂದು ಮತ್ತೆ ಇಳಿಸಿದೆ. ಅದೂ ಅಲ್ಲ. ಕೊನೆಗೆ ತುಣುಕುಗಳ ಹೆಸರು ಓದಿದಾಗ ತಿಳಿಯಿತು. ನಾವು ಸಂಖ್ಯೆ ಕೊಡದಿದ್ದರೆ ಸ್ಪ್ಲಿಟರ್ ಪ್ರತಿ ಸಲವೂ 63240001ರಿಂದಲೇ ಎಣಿಸಲು ಶುರುಮಾಡುತ್ತದೆ. ಎರಡೂ ಪ್ರದೇಶಗಳನ್ನು ನಾನು ಒಂದೇ ಫೋಲ್ಡರಿನಲ್ಲಿ ತುಣುಕು ಮಾಡಿದ್ದೆ. ಎರಡನೆಯ ಪ್ರದೇಶದ ಮೊದಲ ತುಣುಕು ಮೊದಲ ಪ್ರದೇಶದ ಮೊದಲ ತುಣುಕಿನ ಮೇಲೆ ಕೂತಿತ್ತು, ಹೀಗೇ ಒಂದರ ಮೇಲೊಂದು. ಎರಡನೆಯದರಲ್ಲಿ ತುಣುಕುಗಳು ಕಡಿಮೆ ಇದ್ದುದರಿಂದ ಮೊದಲನೆಯದರ ಕೊನೆಯ ಕೆಲವು ಚೌಕಗಳು ಮಾತ್ರ ಬದುಕಿದ್ದವು. ಮ್ಯಾಪ್‌ಐಡಿ ಎಂಬ ಆಯ್ಕೆಯಲ್ಲಿ ಒಂದಕ್ಕೆ 70010001, ಇನ್ನೊಂದಕ್ಕೆ 70020001 ಎಂದು ಆರಂಭ ಕೊಟ್ಟು ಬೇರೆ ಬೇರೆ ಫೋಲ್ಡರಿನಲ್ಲಿ ಮಾಡಿದೆ. ಈ ಎಂಟು ಅಂಕಿಯ ಸಂಖ್ಯೆ ಬರೀ ಫೈಲಿನ ಹೆಸರಲ್ಲ, ಸಾಧನ ಒಂದು ತುಣುಕನ್ನು ಇನ್ನೊಂದರಿಂದ ಬೇರೆ ಮಾಡಿ ಗುರುತಿಸುವುದೇ ಅದರಿಂದ. ಆಗ ನಕ್ಷೆ ಪೂರ್ತಿಯಾಯಿತು: 348 ಎಂಬಿ.

ಹೆಸರುಗಳ ವಿಷಯ ಒಂದು ಮಾತು. ಎಂಕೆಜಿಮ್ಯಾಪ್ ನಾವು ಬೇರೆ ಹೇಳದಿದ್ದರೆ ಎಲ್ಲ ಹೆಸರುಗಳನ್ನೂ ಸರಳ ಲ್ಯಾಟಿನ್ ಅಕ್ಷರಕ್ಕೆ ತಾನೇ ಲಿಪ್ಯಂತರ ಮಾಡುತ್ತದೆ, ಬೇರೆ ಲಿಪಿಯ ಹೆಸರು ಆಗ ಓದಲು ತೊಡಕಾಗಿ ಬರಬಹುದು. ಹೆಸರಿನ ಟ್ಯಾಗ್‌ಗಳ ಪಟ್ಟಿಯಲ್ಲಿ ಮೊದಲು ಇಂಗ್ಲಿಷ್ ಹೆಸರು, ಅದಿಲ್ಲದಿದ್ದರೆ ಮೂಲ ಹೆಸರು ಎಂದು ಸೂಚಿಸಿದೆ. ಬಹುಪಾಲು ಸರಿಹೋಯಿತು.

ಕಾರ್ಡಿಗೆ ಹಾಕುವಾಗ ಎರಡು ವಿಷಯ ಕಟ್ಟುನಿಟ್ಟು. ಕಾರ್ಡಿನಲ್ಲಿ ಗಾರ್ಮಿನ್ ಎಂಬ ಫೋಲ್ಡರ್ ಮಾಡಿ ಅದರೊಳಗೇ ಫೈಲು ಇಡಬೇಕು. ಫೈಲಿನ ಹೆಸರು ಜಿಮ್ಯಾಪ್‌ಸಪ್ ಎಂದೇ ಇರಬೇಕು, ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಗೆ ಎರಡು ಪಿ, ವಿಸ್ತರಣೆ ಐಎಂಜಿ. ನಂತರ ಬಂದ ಸಾಧನಗಳು ಬೇರೆ ಹೆಸರಿನ ಹಲವು ನಕ್ಷೆಗಳನ್ನೂ ಓದುತ್ತವೆ, ಇದು ಆ ಒಂದೇ ಹೆಸರನ್ನು ಬಲ್ಲದು. ಸಾಧನದ ಮೂಲಕ ನಕಲಿಸುವುದಕ್ಕಿಂತ ಕಾರ್ಡ್ ರೀಡರಿನಲ್ಲಿ ನೇರ ನಕಲಿಸಿದರೆ ಬೇಗ ಮುಗಿಯುತ್ತದೆ. ಮುಗಿದ ಮೇಲೆ ಸುರಕ್ಷಿತವಾಗಿ ಬಿಡಿಸುವ ಆಯ್ಕೆ ಒತ್ತಿಯೇ ಕಾರ್ಡ್ ಎಳೆಯಬೇಕು. ಬರೆಯುತ್ತಿದ್ದದ್ದು ಅರ್ಧಕ್ಕೆ ನಿಂತರೆ ತಾನೇ ಸರಿಪಡಿಸಿಕೊಳ್ಳುವ ದಾಖಲೆ ಫ್ಯಾಟ್32ನಲ್ಲಿ ಇಲ್ಲ.

ಹಾಕಿ, ಚಾಲೂ ಮಾಡಿದರೆ ಹಳೆಯ ರಸ್ತೆ ಹೊಸ ರಸ್ತೆ ಎರಡೂ ಕೆಲವು ಮೀಟರ್ ಅಂತರದಲ್ಲಿ ಅಕ್ಕಪಕ್ಕ ಬಂದವು. ಸೆಟ್ಟಿಂಗ್‌ನ ನಕ್ಷೆ ಮಾಹಿತಿಯಲ್ಲಿ ಎರಡು ನಕ್ಷೆಗಳಿಗೂ ಟಿಕ್ ಇತ್ತು. ಕಾರ್ಖಾನೆಯ ನಕ್ಷೆಯ ಟಿಕ್ ತೆಗೆದೆ, ಗೊಂದಲ ಹೋಯಿತು. ವಿಳಾಸ ಹುಡುಕಬೇಕಾದಾಗ ಅದನ್ನು ಮತ್ತೆ ಹಾಕಿಕೊಳ್ಳಬಹುದು.

ಬಯಲಿನಲ್ಲಿ

ಎರಡು ವಾರ ಬ್ಯಾಟರಿ ಇಳಿದು ಮಲಗಿದ್ದ ಸಾಧನಕ್ಕೆ ಆಕಾಶ ತೋರಿಸಿ ಕಾಯಬೇಕಾಯಿತು. ಒಂದು ಉಪಗ್ರಹ ತನ್ನ ಸ್ವಂತ ಕಕ್ಷೆಯ ವಿವರವನ್ನು 30 ಸೆಕೆಂಡಿಗೊಮ್ಮೆ ಹೇಳುತ್ತದೆ, ಎಲ್ಲ ಉಪಗ್ರಹಗಳ ಪಂಚಾಂಗವನ್ನು ಪೂರ್ತಿ ಹೇಳಿ ಮುಗಿಸಲು ಹನ್ನೆರಡೂವರೆ ನಿಮಿಷ ಬೇಕು. ಗಾಡಿಯ ಮೇಲಿಟ್ಟು ಅಲುಗಾಡಿಸದೆ ಕಾಲು ಗಂಟೆ ಬಿಟ್ಟೆವು. ಆಮೇಲೆ ಚುಕ್ಕೆ ಸರಿಯಾಗಿ ನಾವು ನಿಂತ ತಿರುವಿನ ಮೇಲೆ ಬಂದು ನಿಂತಿತು, ಹಳೆಯ ನಕ್ಷೆಯಲ್ಲಿ ಇಲ್ಲದಿದ್ದ ತಿರುವು ಅದು.

ಅಕ್ಕ ಮಾತಾಡದೆ ಪಾಯಿಂಟ್‌ಗಳ ಪಟ್ಟಿ ತೆರೆದು ಮೇಲಿನಿಂದ ಕೆಳಗೆ ಸರಿಸಿದಳು. ನಾನು ಅಂದು ಬೆಳಿಗ್ಗೆಯೇ ಕರೆಂಟ್ ಫೈಲನ್ನು ಮತ್ತೆ ತೆರೆದು ಎಣಿಸಿದ್ದೆ, 412. ಅವಳು ತನ್ನ ಕಣ್ಣಿನಿಂದಲೇ ನೋಡಬೇಕಿತ್ತು, ನೋಡಲಿ ಎಂದು ಸುಮ್ಮನಿದ್ದೆ. ಒಂದು ಹೆಸರಿನ ಹತ್ತಿರ ನಿಂತು, "ಇದು ಬೇಸಿಗೆಯಲ್ಲೂ ಬತ್ತಲ್ಲ ಗೊತ್ತಾ" ಎಂದಳು. ಅದನ್ನೇ ಒತ್ತಿದಳು. ಹೊಸ ನಕ್ಷೆಯಲ್ಲಿ ದಾರಿ ಲೆಕ್ಕವಾಗಿ ಬಂತು, ಕೊನೆಯ ತುದಿ ಮಣ್ಣಿನ ರಸ್ತೆವರೆಗೂ.

ಕಾರ್ಡಿನ ಇನ್ನೊಂದು ಪ್ರತಿಯನ್ನು ಮಾಡಿ, ನಕ್ಷೆ ಕಟ್ಟಿದ ತಾರೀಖನ್ನು ಅದರ ಡಬ್ಬಿಯ ಮೇಲೆ ಬರೆದು ಗಾಡಿಯಲ್ಲೇ ಇಟ್ಟಿದ್ದೇನೆ. ಎಲ್ಲ ಆದೇಶಗಳೂ ಒಂದು ಪಠ್ಯ ಫೈಲಿನಲ್ಲಿವೆ. ಮುಂದಿನ ಸಲ ಹೊಸ ದತ್ತಾಂಶ ಇಳಿಸಿ ಅವನ್ನೇ ಓಡಿಸಿದರೆ ಕೆಲಸ ಒಂದು ಗಂಟೆಯದು. ತಿಂಗಳಿಗೊಮ್ಮೆ ಜಿಪಿಎಕ್ಸ್ ಫೋಲ್ಡರನ್ನು ಕಂಪ್ಯೂಟರಿಗೆ ನಕಲಿಸಿಕೊಳ್ಳುವುದನ್ನು ಅಕ್ಕನಿಗೆ ಕಲಿಸಿದ್ದೇನೆ. ಮೊನ್ನೆ ಅವಳು ಕಳಿಸಿದ ಫೈಲಿನಲ್ಲಿ ಪಾಯಿಂಟ್‌ಗಳು 419 ಆಗಿದ್ದವು.